ಐದು ನಂಬರಿನ ಅಚ್ಚು

ನಮ್ಮ ಮನೆಯಲ್ಲಿ ಖರ್ಚಿನ ಲೆಕ್ಕ ಹಾಕುವುದು ಜೊತೆಗಳಲ್ಲಿ. ಬೂಟು ಹೊಲಿದು ಬದುಕುವವರಿಗೆ ಅದೇ ಸುಲಭ. ಹಲ್ಲುಗಳ ನಡುವೆ ಸಂದು ಬಿಡುತ್ತಿದೆ ಎಂದು ಹೋದರೆ ಹಲ್ಲಿನ ಡಾಕ್ಟರು ನಾಲ್ಕು ಜೊತೆ ತೆಗೆದುಕೊಂಡರು. ಕೈಬೆರಳು ಜುಮುಜುಮು ಎನ್ನುತ್ತದೆ ಎಂದಿದ್ದಕ್ಕೆ ಮೂಳೆ ಡಾಕ್ಟರು ಮಣಿಕಟ್ಟನ್ನು ಸಣ್ಣಗೆ ಕೊಯ್ದು ನರ ಸಡಿಲಿಸಿದರು. ಅದು ಒಂಬತ್ತು ಜೊತೆ. ಮೂರು ವಾರ ಸೂಜಿ ಹಿಡಿಯದೆ ನಾನು ಕಳೆದುಕೊಂಡ ಕೆಲಸ ಬೇರೆ. ಸಕ್ಕರೆ ಕಾಯಿಲೆಯ ಮಾತ್ರೆ ಎರಡು ತಿಂಗಳಿಗೆ ಒಂದು ಜೊತೆ. ರಕ್ತದೊತ್ತಡದ ಮಾತ್ರೆ ಅಗ್ಗ, ಒಂದು ಚಪ್ಪಲಿಯ ಅಟ್ಟೆಯಷ್ಟು. ಬೆರಳು ದಪ್ಪವಾಗಿ ಉಂಗುರ ಬಿಗಿದುಕೊಂಡಾಗ ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿದೆ. ಅವನು ದುಡ್ಡು ಮುಟ್ಟಲಿಲ್ಲ, ತನ್ನ ಬೂಟಿಗೆ ಹೊಸ ಹಿಮ್ಮಡಿ ಹಾಕಿಸಿಕೊಂಡು ಹೋದ. ಮಂಡಿಗೆ ಹಚ್ಚುವ ಎಣ್ಣೆ, ತಲೆನೋವಿನ ಗುಳಿಗೆ, ಬೆವರು ತಡೆಯಲಾರದೆ ತಂದ ಇನ್ನೊಂದು ಫ್ಯಾನು. ಏಳೆಂಟು ವರ್ಷದಲ್ಲಿ ಎಲ್ಲ ಸೇರಿ ನಲವತ್ತು ಜೊತೆಯ ಹತ್ತಿರ ಬಂತು.

ಇಷ್ಟೆಲ್ಲ ತೆಗೆದುಕೊಂಡರೂ ಯಾರೂ ಮೋಸ ಮಾಡಲಿಲ್ಲ. ಹಲ್ಲಿನವರು ಹಲ್ಲು ನೋಡಿದರು, ಮೂಳೆಯವರು ಮಣಿಕಟ್ಟು ನೋಡಿದರು, ಸಕ್ಕರೆಯವರು ಸಕ್ಕರೆ ನೋಡಿದರು. ಮೈಯನ್ನು ತುಂಡು ತುಂಡು ಮಾಡಿ ಒಬ್ಬೊಬ್ಬರ ಮುಂದೆ ಒಂದೊಂದನ್ನು ಇಟ್ಟವಳು ನಾನೇ. ನನ್ನನ್ನು ಪೂರ್ತಿಯಾಗಿ ನೋಡುತ್ತಿದ್ದವರು ಒಬ್ಬರೇ, ನನ್ನ ಗಂಡ. ಅವರು ಬಾಯಿ ಬಿಡಲಿಲ್ಲ.

ನಮ್ಮದು ಬೀದಿಗೆ ಮುಖ ಮಾಡಿದ ಅಂಗಡಿ, ಹಿಂದೆ ಹೊಲಿಗೆ ಕೋಣೆ, ಮೇಲೆ ಮನೆ. ಅವರು ಚರ್ಮ ಕತ್ತರಿಸಿ ಅಚ್ಚಿಗೆ ಎಳೆದು ಮೊಳೆ ಹೊಡೆಯುತ್ತಾರೆ. ನಾನು ಮೇಲಿನ ಚರ್ಮದ ಹೊಲಿಗೆ ಮಾಡುತ್ತೇನೆ, ಗಿರಾಕಿಗಳನ್ನು ನೋಡಿಕೊಳ್ಳುತ್ತೇನೆ. ಅಚ್ಚು ಎಂದರೆ ಕಾಲಿನ ಆಕಾರದ ಮರದ ತುಂಡು. ಅದರ ಮೇಲೆಯೇ ಬೂಟು ಕಟ್ಟುವುದು. ಹಳೆಯ ಗಿರಾಕಿಗಳಿಗೆಲ್ಲ ನಮ್ಮಲ್ಲಿ ಅವರವರದೇ ಅಚ್ಚು ಇದೆ. ಯಾರಿಗಾದರೂ ಕಾಲು ಸ್ವಲ್ಪ ಬದಲಾದರೆ ಹೊಸ ಅಚ್ಚು ಕೆತ್ತುವುದಿಲ್ಲ. ಹಳೆಯದಕ್ಕೇ ಬೇಕಾದ ಕಡೆ ಚರ್ಮದ ತೇಪೆ ಅಂಟಿಸಿ, ಉಜ್ಜಿ ನಯ ಮಾಡಿ, ಮೇಲೆ ಪೆನ್ಸಿಲಿನಲ್ಲಿ ತಿಂಗಳು ವರುಷ ಬರೆದಿಡುತ್ತಾರೆ.

ಮದುವೆಯಾಗಿ ಬಂದಾಗ ನನ್ನ ಕಾಲು ಸರಿಯಾಗಿ ಐದು ನಂಬರು. ಗಾಜಿನ ಕಪಾಟಿನಲ್ಲಿ ತೋರಿಕೆಗೆ ಇಡುವ ಹೆಂಗಸರ ಬೂಟು ಎಲ್ಲ ಕಡೆಯೂ ಸಣ್ಣ ಅಳತೆಯದೇ, ನೋಡಲು ಚೆಂದ ಎಂದು. ಹಾಗಾಗಿ ಹೊಸದಾಗಿ ಏನು ಹೊಲಿದರೂ ಮೊದಲು ನನ್ನ ಕಾಲಿಗೆ ಹಾಕಿ, ಅಂಗಡಿಯೊಳಗೆ ಎರಡು ಸುತ್ತು ನಡೆಸಿ, ಎಲ್ಲಿ ಕಚ್ಚುತ್ತದೆ ಕೇಳಿ, ಆಮೇಲೆ ಕಪಾಟಿಗೆ. ಒಂದು ದಿನ ಒಳಗಿನಿಂದ, "ಐದು ಎಲ್ಲಿ? ಐದನ್ನ ಕರೀರಿ!" ಎಂದು ಕೂಗಿದರು. ಅಂಗಡಿಯಲ್ಲಿದ್ದ ಗಿರಾಕಿ, "ನಿಮ್ಮ ಮನೇಲಿ ಐದು ಜನ ಹೆಂಡ್ತೀರಾ?" ಎಂದ. ಅಲ್ಲಿಂದ ನನ್ನ ಹೆಸರೇ ಅದಾಯಿತು. ಐದೂ, ಕತ್ತರಿ ಎಲ್ಲಿಟ್ಟೆ? ಐದೂ, ಊಟಕ್ಕೆ ಬಾ. ಮುನಿಸಿಕೊಂಡಾಗ ಮಾತ್ರ "ಏನೇ".

ಅವರ ಕೈಗೆ ಕಾಲು ಸಿಕ್ಕರೆ ಸಾಕು, ಜಾತಕ ಓದಿದ ಹಾಗೆ ಓದುತ್ತಾರೆ. ಶಾಲೆಯ ಮಾಸ್ತರೊಬ್ಬರು ಬೂಟಿನ ಒಳಗೆ ಮೊಳೆ ಎದ್ದದ್ದೇ ತಿಳಿಯದೆ ವಾರ ಪೂರ್ತಿ ನಡೆದಿದ್ದರು. ಅಟ್ಟೆಯಲ್ಲಿ ರಕ್ತದ ಕಲೆ ನೋಡಿ ನನ್ನ ಗಂಡ, "ಮಾಸ್ಟ್ರೇ, ನೋವೇ ಗೊತ್ತಾಗದ ಕಾಲು ಒಳ್ಳೇದಲ್ಲ, ಇವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ" ಎಂದು ಕಳಿಸಿದರು. ಬಸ್ಸಿನ ಕಂಡಕ್ಟರಿಗೆ ಬೆಳಗ್ಗೆ ಸರಿಹೋಗುವ ಬೂಟು ಸಂಜೆ ಹಿಡಿಯುತ್ತಿತ್ತು. ಪಾದದ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಹಾಗೇ ನಿಂತಿತು. ಅವನನ್ನೂ ಬೈದು ಡಾಕ್ಟರ ಹತ್ತಿರ ಓಡಿಸಿದರು. ಆ ಮನುಷ್ಯನ ಹೃದಯ ಸೋಲುತ್ತಿತ್ತಂತೆ. ಈಗಲೂ ಬಂದಾಗ ಇವರ ಕೈ ಹಿಡಿದುಕೊಂಡೇ ಮಾತಾಡುತ್ತಾನೆ.

ಅಂಥವರು ನನ್ನ ಕಾಲನ್ನು ಮಾತ್ರ ಓದಿ ಮುಚ್ಚಿಟ್ಟರು.

ಅದು ಬಯಲಿಗೆ ಬಂದದ್ದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ. ಚರ್ಮ ತರಲು ಯಾವಾಗಲೂ ಅವರೇ ಹೋಗುವುದು. ಆ ಸಲ ಸೊಂಟ ಹಿಡಿದುಕೊಂಡು ಮಲಗಿದ್ದರು, ನಾನು ಹೋದೆ. ಒಳಗೆ ನೆಲದ ತುಂಬ ಸುಣ್ಣದ ನೀರು, ಬಣ್ಣದ ನೀರು. ಬಂದವರೆಲ್ಲ ಬಾಗಿಲಲ್ಲಿ ತಮ್ಮ ಚಪ್ಪಲಿ ಬಿಟ್ಟು ಕಾರ್ಖಾನೆಯ ರಬ್ಬರು ಬೂಟು ಹಾಕಿಕೊಳ್ಳಬೇಕು. ಕಾವಲಿಗೆ ಒಬ್ಬಳು ಗಟ್ಟಿ ಹೆಂಗಸು ಕೂತಿದ್ದಳು.

"ನಂಬರ್ ಎಷ್ಟಕ್ಕಾ?"

"ಐದು."

ಕೊಟ್ಟಳು. ಹೆಬ್ಬೆರಳು ಒಳಗೆ ಹೋಗಿ ಅಲ್ಲೇ ನಿಂತಿತು.

"ನಿಮ್ಮ ಬೂಟು ಸಣ್ಣ ಬಂದಿದೆ ನೋಡಿ," ಎಂದೆ.

"ಬೂಟು ಸಣ್ಣದಲ್ಲ ಅಕ್ಕಾ. ಆರು ತಗೊಳ್ಳಿ." ಆರೂ ಆಗಲಿಲ್ಲ. ಏಳರಲ್ಲಿ ಹಿಮ್ಮಡಿ ಹೊರಗೇ ಉಳಿಯಿತು. ಎಂಟನ್ನು ನನ್ನ ಮುಂದೆ ಎಸೆದು, "ಇದಕ್ಕೂ ಆಗ್ಲಿಲ್ಲ ಅಂದ್ರೆ ಗಂಡಸರ ಕಡೆ ಹೋಗಿ," ಎಂದಳು. ಎಂಟು ಸಲೀಸಾಗಿ ಹೋಯಿತು.

"ನನ್ನ ಗಂಡ ಬೂಟು ಮಾಡೋರು," ಎಂದೆ ರೇಗಿ. "ಇಪ್ಪತ್ತಾರು ವರ್ಷದಿಂದ ನಾನು ಐದೇ ಹಾಕೋದು. ನಮ್ಮನೇಲಿ ನಂಬರ್ ತಪ್ಪಲ್ಲ." ನನ್ನ ಚಪ್ಪಲಿ ಎತ್ತಿ ಅಟ್ಟೆಯ ಮೇಲೆ ಒತ್ತಿದ ಐದನ್ನು ತೋರಿಸಿದೆ. ಅವಳು ಆ ಚಪ್ಪಲಿಯನ್ನು ಎಂಟು ನಂಬರಿನ ರಬ್ಬರು ಬೂಟಿನ ಪಕ್ಕ ಇಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನಿಮ್ಮ ಯಜಮಾನ್ರಿಗೆ ಎಣಿಸೋಕೆ ಬರಲ್ವಾ, ಇಲ್ಲ ನಿಮ್ಮನ್ನ ಕಂಡ್ರೆ ಹೆದರಿಕೆನಾ?" ಎಂದು ನಕ್ಕಳು. ನಾನು ಉತ್ತರ ಕೊಡುವಷ್ಟರಲ್ಲಿ ತೋಳು ಹಿಡಿದು ಎಳೆದಳು. ಹಸಿ ಚರ್ಮ ತುಂಬಿದ ಕೈಗಾಡಿಯೊಂದು ನನ್ನ ಪಕ್ಕದಲ್ಲೇ ಹಾದುಹೋಯಿತು. "ಅಷ್ಟು ದೊಡ್ಡ ಗಾಡಿ ಕಾಣ್ಲಿಲ್ವಾ?" ಕಂಡಿರಲಿಲ್ಲ. ಆಗಲೇ ಒಂದು ವರುಷದಿಂದ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದೆ, ಪಕ್ಕಕ್ಕೆ ಬಂದ ಗಿರಾಕಿ ಕೆಮ್ಮಿದ ಮೇಲೆಯೇ ತಿರುಗುತ್ತಿದ್ದೆ. ವಯಸ್ಸಾಯಿತು, ಗ್ಯಾನ ಎಲ್ಲೋ ಇರುತ್ತದೆ ಎಂದುಕೊಂಡಿದ್ದೆ.

ಬೂಟಿನ ನಡುವೆಯೇ ಬದುಕುವವಳಿಗೆ ಇದು ಹೇಗೆ ಕಾಣಲಿಲ್ಲ ಎಂದು ನೀವು ಕೇಳಬಹುದು. ಕಪಾಟಿನ ಬೂಟನ್ನು ನನ್ನ ಕಾಲಿಗೆ ಹಾಕಿ ನಡೆಸುವುದನ್ನು ಅವರು ಏಳೆಂಟು ವರ್ಷದ ಹಿಂದೆಯೇ, ನಿನ್ನ ಮಂಡಿ ನೋಯುತ್ತದೆ ಎಂದು ನಿಲ್ಲಿಸಿಬಿಟ್ಟಿದ್ದರು. ಕಚ್ಚಿದರೆ ತಾನೇ ಕಾಲ ಕಡೆ ನೋಡುವುದು? ಅವರು ಹೊಲಿದುಕೊಟ್ಟದ್ದು ಒಂದು ದಿನವೂ ಕಚ್ಚಲಿಲ್ಲ.

ಮನೆಗೆ ಬಂದವಳು ಚರ್ಮದ ಸುರುಳಿಯನ್ನು ಮೂಲೆಗೆ ಒಗೆದು, ಮೆಟ್ಟಿಲ ಕೆಳಗಿನ ನನ್ನ ಹಳೆಯ ಪಾದರಕ್ಷೆಗಳನ್ನೆಲ್ಲ ಎಳೆದು ಸಾಲಾಗಿ ಇಟ್ಟೆ. ಒಂದಕ್ಕಿಂತ ಒಂದು ಉದ್ದ. ಎಲ್ಲದರ ಮೇಲೂ ಐದು. ಅವರು ಸೊಂಟ ಹಿಡಿದುಕೊಂಡು ಎದ್ದು ಬಂದು ಸಾಲನ್ನು ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗಿತ್ತು ಮುಖ.

"ಅಚ್ಚು ತನ್ನಿ," ಎಂದೆ.

"ಐದೂ..."

"ಐದಲ್ಲ, ಎಂಟು. ಅಚ್ಚು ತನ್ನಿ ಮೊದಲು."

ತಂದರು. ನನ್ನ ಅಚ್ಚಿನಲ್ಲಿ ಮರ ಯಾವುದು, ತೇಪೆ ಯಾವುದು ತಿಳಿಯದ ಹಾಗಾಗಿತ್ತು. ಬೆರಳ ತುದಿಗೆ ಒಂದರ ಮೇಲೊಂದು ಎಂಟು ಪದರ, ಪಕ್ಕಕ್ಕೆ ಅಷ್ಟೇ. ಪ್ರತಿ ಪದರದ ಅಂಚಿನಲ್ಲೂ ಪೆನ್ಸಿಲಿನ ತಿಂಗಳು, ವರುಷ. ಮನೆಯಲ್ಲಿ ಸುಳ್ಳು ಹೇಳಿದವರು ಕೆಲಸದಲ್ಲಿ ಒಂದು ಅಕ್ಷರ ಸುಳ್ಳು ಬರೆದಿರಲಿಲ್ಲ.

"ಮೊದಲ್ನೇ ಸಲ ದಪ್ಪ ಆಗಿದೀಯ ಅಂದ್ಕೊಂಡೆ ಕಣೇ," ಎಂದರು. "ಹೆಂಗಸರಿಗೆ ಅದನ್ನ ಹೇಳಿ ಯಾವನು ಬದುಕಿದಾನೆ? ತೇಪೆ ಹಾಕ್ದೆ, ಐದು ಅಂತ ಒತ್ತಿದೆ. ಎರಡ್ನೇ ಸಲಾನೂ ಹಾಗೇ."

"ದಪ್ಪ ಆದ್ರೆ ಕಾಲು ಅಗಲ ಆಗುತ್ತೆ. ಮುಂದಕ್ಕೂ ಬೆಳೆಯುತ್ತಾ?"

ಅವರು ಸಾಲಿನ ಕೊನೆಯ ಚಪ್ಪಲಿಯನ್ನು ಕಾಲಿನಿಂದ ನೇರ ಮಾಡಿದರು.

"ಕೇಳ್ತಿರೋದು ನಿಮ್ಮನ್ನ. ನಲವತ್ತು ದಾಟಿದ ಮೇಲೆ ಯಾರ ಬೆರಳಾದ್ರೂ ಉದ್ದ ಆಗಿದ್ದು ನೋಡಿದೀರಾ?"

"ಇಲ್ಲ. ಮೂರನೇ ತೇಪೆ ಹಾಕುವಾಗಲೇ ಗೊತ್ತಾಯ್ತು ಇದು ಸರಿ ಇಲ್ಲ ಅಂತ." ಸ್ಟೂಲಿನ ಮೇಲೆ ಕೂತುಬಿಟ್ಟರು. "ಬೇರೆ ಗಿರಾಕಿ ಆಗಿದ್ರೆ ಅವತ್ತೇ ಹೇಳ್ತಿದ್ದೆ. ನಿನಗೆ ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು. ಅಂಗಡಿ ತುಂಬ ಐದೂ ಐದೂ ಅಂತ ಕರ್ಕೊಂಡು ಓಡಾಡ್ತಿದ್ದೆ. ನಿಂಗೂ ಖುಷಿ ಇತ್ತು. ಎಂಟು ಅಂತ ಹೆಂಗೆ ಒತ್ತಲಿ?"

ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಚ್ಚನ್ನು ಕೈಯಲ್ಲಿ ಹಿಡಿದು ನೋಡಿದರೆ, ಒಂದೊಂದು ಪದರವನ್ನೂ ಎಷ್ಟು ನಯವಾಗಿ ಉಜ್ಜಿದ್ದರೆಂದರೆ ಬೆರಳಿಗೆ ಅಂಚೇ ಸಿಗುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ನಾಳೆ ಸಕ್ಕರೆ ಡಾಕ್ಟರ ಹತ್ತಿರ ಹೋಗೋದು. ಇದನ್ನೂ ತಗೊಂಡು," ಎಂದೆ. ಎಲ್ಲ ಡಾಕ್ಟರುಗಳಲ್ಲಿ ಅವರೊಬ್ಬರೇ ನನ್ನ ಮಾತಿನ ನಡುವೆ ಗಡಿಯಾರ ನೋಡದವರು.

ಡಾಕ್ಟರಮ್ಮ ಅಚ್ಚನ್ನು ಮೇಜಿನ ಮೇಲೆ ಕಂಡು, "ಏನಿದು, ನನಗೆ ಬೂಟಾ?" ಎಂದರು. ನನ್ನ ಗಂಡ ಸಣ್ಣ ಚೂರಿ ತೆಗೆದು ಪದರಗಳನ್ನು ಒಂದೊಂದಾಗಿ ಎಬ್ಬಿಸಿ, ವರುಷದ ಪ್ರಕಾರ ಸಾಲಾಗಿ ಇಟ್ಟರು. ಎರಡನೆಯದು ಇಡುವಾಗ ಡಾಕ್ಟರಮ್ಮನ ನಗು ಹೋಯಿತು. ಎಂಟನೆಯದರ ಹೊತ್ತಿಗೆ ಕುರ್ಚಿಯಿಂದ ಎದ್ದು ಬಂದಿದ್ದರು. ನನ್ನ ಅಂಗೈ ಮಗುಚಿ ನೋಡಿದರು. ಹಣೆ, ದವಡೆ, ಮೂಗು ಮುಟ್ಟಿದರು. ಹಳೆಯ ಫೋಟೋ ಇದೆಯಾ ಎಂದರು. ಇವರ ಕಿಸೆಯಲ್ಲಿ ಯಾವಾಗಲೂ ಇರುವ ನನ್ನ ಫೋಟೋವನ್ನೂ ನನ್ನ ಮುಖವನ್ನೂ ಸ್ವಲ್ಪ ಹೊತ್ತು ನೋಡಿದರು.

"ದನಿ ಬದಲಾಗಿದೆಯಾ?"

"ನಾದಿನಿ ಫೋನ್ ಮಾಡಿದ್ರೆ ನನ್ನನ್ನೇ ಅಣ್ಣಾ ಅಂತಾಳೆ," ಎಂದೆ.

"ಗೊರಕೆ?"

"ಬೀದಿಯವರು ಹೇಳ್ತಾರೆ," ಎಂದರು ನನ್ನ ಗಂಡ.

"ನಾಲಿಗೆ ಚಾಚಿ. ಹ್ಞಾಂ, ಇದೂ ಬೆಳೆದಿದೆ."

"ಅದರ ಉದ್ದ ನನಗೆ ಮದುವೆಯಾದಾಗ್ಲಿಂದ ಗೊತ್ತು ಡಾಕ್ಟ್ರೇ." ನಗಿಸಲು ಹೇಳಿದರು.

ಆಮೇಲೆ ಡಾಕ್ಟರಮ್ಮ ನನ್ನ ಎದುರು ಕೂತು, "ನನ್ನ ಮೂಗನ್ನೇ ನೋಡ್ತಿರಿ. ಪಕ್ಕದಲ್ಲಿ ಎಷ್ಟು ಬೆರಳು ಹೇಳಿ," ಎಂದರು. ನನಗೆ ಬೆರಳೂ ಕಾಣಲಿಲ್ಲ, ಕೈಯೂ ಕಾಣಲಿಲ್ಲ. ಸೋಲಬಾರದೆಂದು, "ಎರಡು," ಎಂದೆ.

"ನಾನು ಕೈ ಕೆಳಗಿಟ್ಟು ಆಗಲೇ ಹೊತ್ತಾಯ್ತಮ್ಮಾ," ಎಂದರು ಮೆಲ್ಲಗೆ.

ಅವರು ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ಮೂಗಿನ ಬುಡದ ಹಿಂದೆ, ಮಿದುಳಿನ ಅಡಿಯಲ್ಲಿ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಪಿಟ್ಯುಟರಿ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಮೈಗೆ ಬೆಳೆ, ಬೆಳೆ ಎಂದು ಹೇಳಿ ಕಳಿಸುವುದು ಅದೇ. ದೊಡ್ಡವರಾದ ಮೇಲೆ ದನಿ ತಗ್ಗಿಸುತ್ತದೆ. ನನ್ನದರಲ್ಲಿ ಒಂದು ಗಂಟು ಎದ್ದು, ಆ ಗಂಟು ನಿಲ್ಲಿಸದೆ ಕೂಗುತ್ತಿತ್ತು. ಎತ್ತರ ಬೆಳೆಸುವ ಮೂಳೆಗಳ ತುದಿ ಹರೆಯದಲ್ಲೇ ಮುಚ್ಚಿಹೋಗಿದ್ದರಿಂದ ಎತ್ತರವಾಗಲಿಲ್ಲ. ಕೈ, ಕಾಲು, ದವಡೆ, ನಾಲಿಗೆ, ಗಂಟಲು ಮಾತು ಕೇಳಿ ಬೆಳೆದವು. ದವಡೆ ಬೆಳೆದದ್ದಕ್ಕೆ ಹಲ್ಲು ಸಂದು ಬಿಟ್ಟಿತು. ಮಣಿಕಟ್ಟಿನ ಒಳಗಿನದು ದಪ್ಪವಾಗಿ ನರವನ್ನು ಹಿಸುಕಿತು. ಆ ಗಂಟು ಸುರಿಸುವ ಬೆಳವಣಿಗೆಯ ರಸವೇ ಸಕ್ಕರೆಯನ್ನೂ ಏರಿಸುತ್ತದೆ, ರಕ್ತದ ಒತ್ತಡವನ್ನೂ ಏರಿಸುತ್ತದೆ, ಬೆವರನ್ನೂ ತರಿಸುತ್ತದೆ. ಹೃದಯದ ಗೋಡೆಯನ್ನೂ ಬಿಡುವುದಿಲ್ಲ. ನಲವತ್ತು ಜೊತೆ ಬೂಟಿನ ಕಾಯಿಲೆಗಳೆಲ್ಲ ಒಂದೇ ಕಡಲೆಕಾಳಿನ ಮಕ್ಕಳು.

"ಇವೆಲ್ಲ ನಿಧಾನದ್ದು. ನನಗೆ ಹೆದರಿಕೆ ಇರೋದು ಕಣ್ಣಿನದು," ಎಂದರು. ಎರಡೂ ಕಣ್ಣಿನ ನರಗಳು ಆ ಗ್ರಂಥಿಯ ನೆತ್ತಿಯ ಮೇಲೇ ಒಂದನ್ನೊಂದು ದಾಟುತ್ತವಂತೆ. ಗಂಟು ಕೆಳಗಿನಿಂದ ಅವನ್ನು ಎತ್ತಿ ಒತ್ತುತ್ತಿತ್ತು. ಅದಕ್ಕೇ ಎದುರಿಗಿನದು ಕಾಣುತ್ತಿತ್ತು, ಎರಡು ಪಕ್ಕವೂ ಕತ್ತಲು. ಅವರು ಕೊನೆಯ ಎರಡು ತೇಪೆಗಳನ್ನು ಬೆರಳಲ್ಲಿ ಹಿಡಿದು ನೋಡಿದರು. ಉಳಿದವಕ್ಕಿಂತ ಅವು ದಪ್ಪ. "ಇದು ಈಗೀಗ ಜೋರಾಗಿದೆ. ಸ್ಕ್ಯಾನಿಂಗಿಗೆ ಎರಡು ತಿಂಗಳ ಸರದಿ ಇದೆ, ಅಷ್ಟು ಕಾಯೋ ಹಾಗಿಲ್ಲ." ಅಲ್ಲೇ ಕೂತು ಮೂರು ಕಡೆ ಫೋನು ಮಾಡಿದರು. ನಾಲ್ಕನೇ ದಿನಕ್ಕೆ ಜಾಗ ಸಿಕ್ಕಿತು.

ಹೊರಡುವಾಗ ನನ್ನ ಗಂಡ ಬಾಗಿಲಲ್ಲಿ ನಿಂತು ಕೇಳಿದರು, "ಮೂರನೇ ತೇಪೆ ಹಾಕಿದಾಗಲೇ ಕರ್ಕೊಂಡು ಬಂದಿದ್ರೆ?"

ಡಾಕ್ಟರಮ್ಮ ಒಳ್ಳೆಯವರು, ಆದರೆ ಸುಳ್ಳಿನ ತೇಪೆ ಹಾಕುವವರಲ್ಲ. "ಕಣ್ಣಿನವರೆಗೆ ಬರ್ತಿರಲಿಲ್ಲ," ಎಂದರು. ಇವರು ತಲೆಯಾಡಿಸಿ, ತೇಪೆಗಳನ್ನೆಲ್ಲ ಆಯ್ದು ಚೀಲಕ್ಕೆ ಹಾಕಿಕೊಂಡರು. "ಇವರು ಬರೆದಿಡದಿದ್ರೆ ನಾನು ಇನ್ನೂ ಸಕ್ಕರೆ ಮಾತ್ರೇನೇ ಏರಿಸ್ತಿದ್ದೆ, ಅದೂ ನಿಜ," ಎಂದು ಅವರೇ ಹಿಂದಿನಿಂದ ಸೇರಿಸಿದರು. ಇವರ ಕಿವಿಗೆ ಅದು ಬಿದ್ದ ಹಾಗೆ ಕಾಣಲಿಲ್ಲ.

ಸಕ್ಕರೆ ನೀರು ಕುಡಿಸಿ ಎರಡು ಗಂಟೆಯಲ್ಲಿ ಐದಾರು ಸಲ ರಕ್ತ ತೆಗೆದರು. ಸರಿಯಾದ ಗ್ರಂಥಿಯಾದರೆ ಸಿಹಿ ಕುಡಿದ ಮೇಲೆ ಸುಮ್ಮನಾಗಬೇಕಂತೆ, ನನ್ನದು ಸುಮ್ಮನಾಗಲಿಲ್ಲ. ಸ್ಕ್ಯಾನಿನಲ್ಲಿ ಕಡಲೆಕಾಳು ಇರಬೇಕಾದ ಕಡೆ ನೆಲ್ಲಿಕಾಯಿ ಕೂತಿತ್ತು. ಮೂಗಿನೊಳಗಿಂದಲೇ ಹೋಗಿ ತೆಗೆಯುತ್ತೇವೆ, ತಲೆ ತೆರೆಯುವುದಿಲ್ಲ ಎಂದರು ಆಪರೇಷನ್ನಿನ ಡಾಕ್ಟರು. ಕಣ್ಣು ಎಷ್ಟು ಹಿಂದಿರುಗುತ್ತದೆ ಎಂದು ಕೇಳಿದ್ದಕ್ಕೆ, "ಪೂರ್ತಿ ಬರಬಹುದು, ಏನೂ ಬರದೇ ಇರಬಹುದು. ಈಗಿರುವುದನ್ನು ಉಳಿಸೋದು ಮೊದಲ ಕೆಲಸ," ಎಂದರು.

ಆಪರೇಷನ್ನಿಗೆ ಕಾದ ಹತ್ತು ದಿನ ಇವರು ನನ್ನನ್ನು ಏನೆಂದೂ ಕರೆಯಲಿಲ್ಲ. ಊಟಕ್ಕೆ ಕರೆಯಬೇಕಾದರೆ ತಟ್ಟೆ ಸದ್ದು ಮಾಡುತ್ತಿದ್ದರು. ಕತ್ತರಿ ಬೇಕಾದರೆ ತಾವೇ ಹುಡುಕುತ್ತಿದ್ದರು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಕೋಣೆಗೆ ಹೋಗಿ ನೋಡಿದರೆ, ಐದು ಒತ್ತುವ ಕಬ್ಬಿಣದ ಮುದ್ರೆಯನ್ನು ಕಲ್ಲಿನ ಮೇಲೆ ಇಟ್ಟು ಸುತ್ತಿಗೆಯಿಂದ ಜಜ್ಜುತ್ತಿದ್ದರು.

"ರೀ, ಏನು ಮಾಡ್ತಿದೀರಿ?"

"ಇದು ಬೇಡ ನಮಗೆ."

"ಊರಲ್ಲಿ ಐದು ನಂಬರಿನ ಕಾಲು ಇನ್ಯಾರಿಗೂ ಇಲ್ವಾ? ಅವರಿಗೇನು ಒತ್ತುತೀರಿ, ಎರಡೂವರೆ ಎರಡೂವರೆ ಅಂತ ಎರಡು ಸಲಾನಾ?"

ಸುತ್ತಿಗೆ ಕೆಳಗಿಟ್ಟು ಅತ್ತರು. ಗಂಡಸು ಅಳುವಾಗ ಏನು ಮಾಡಬೇಕೆಂದು ನನಗೆ ತಿಳಿಯದು. ಪಕ್ಕದಲ್ಲಿ ಕೂತು ಮೊಳೆಗಳನ್ನು ಡಬ್ಬಿಗೆ ತುಂಬಿಸುತ್ತ ಹೇಳಿದೆ: "ನೋಡಿ, ನಂಗೆ ನೋವಾಗಬಾರ್ದು ಅಂತ ಮಾಡಿದ್ರಿ. ಅದು ಸರಿ ಅಂತ ನಾನು ಹೇಳಲ್ಲ. ಯಾವತ್ತೂ ಹೇಳೋದಿಲ್ಲ. ಆದ್ರೆ ನನ್ನ ಕಾಲು ಮುಟ್ಟೋಕೆ ಬೇರೆಯವರನ್ನ ಹುಡ್ಕೋಕೂ ಹೋಗಲ್ಲ. ಇನ್ಮೇಲೆ ಕಂಡದ್ದನ್ನ ಕಂಡ ಹಾಗೆ ಹೇಳಿ. ನಾನು ಬೈದ್ರೆ ಬೈಸಿಕೊಳ್ಳಿ."

"ಬೈತೀಯಲ್ಲ."

"ಬೈತೀನಿ."

ಆಪರೇಷನ್ನು ನಾಲ್ಕು ಗಂಟೆ ಹಿಡಿಯಿತು. ಎಚ್ಚರವಾದಾಗ ಮೂಗಿನ ತುಂಬ ಹತ್ತಿ, ಬಾಯಲ್ಲೇ ಉಸಿರು. ಸೀನಬಾರದು, ಬಗ್ಗಬಾರದು, ಮೂಗು ಸೀಟಬಾರದು. ಆರು ವಾರ ಇವರು ಕಾವಲುಗಾರನ ಹಾಗೆ ಹಿಂದೆಯೇ ಇದ್ದರು. ನಾನು ಬಗ್ಗುವ ಮುಂಚೆ ತಾವೇ ಬಗ್ಗಿ, ಹಿಡಿದುಕೊಂಡ ಸೊಂಟದಲ್ಲೇ ನನ್ನ ಚಪ್ಪಲಿ ತೊಡಿಸುತ್ತಿದ್ದರು. ಒಂದೊಂದು ಸಲವೂ ಪಾದ ಒತ್ತಿ ನೋಡಿ ವರದಿ ಕೊಡುತ್ತಿದ್ದರು. "ಇವತ್ತು ಊತ ಇಳಿದಿದೆ. ಅಗಲ ಕಮ್ಮಿ ಆಗಿದೆ. ಉದ್ದ ಹಾಗೇ ಇದೆ." ಮೂರನೇ ವಾರ, "ನಿನ್ನ ಹಿಮ್ಮಡಿ ಒಡೆದಿದೆ, ನೋಡೋಕೆ ಚೆನ್ನಾಗಿಲ್ಲ," ಎಂದೂ ಹೇಳಿದರು. ಬೈದೆ. ಬೈಸಿಕೊಂಡು ನಕ್ಕರು.

ಕಣ್ಣಿನ ಪರೀಕ್ಷೆ ಆರು ತಿಂಗಳಾದ ಮೇಲೆ. ಬಟ್ಟಲಿನಂಥ ಬಿಳಿ ಯಂತ್ರದೊಳಗೆ ಮುಖ ಇಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತ, ಪಕ್ಕದಲ್ಲಿ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಸುಮ್ಮನೆ ಒತ್ತಿ ಗೆಲ್ಲಬಹುದಿತ್ತು. ಆ ಸಲ ಕಂಡದ್ದಕ್ಕೆ ಮಾತ್ರ ಒತ್ತಿದೆ. ಇವರು ಹೊರಗಿನ ಬೆಂಚಿನಲ್ಲಿ ಕೂತು ಗುಂಡಿಯ ಸದ್ದು ಎಣಿಸುತ್ತಿದ್ದರಂತೆ. ಬಲಗಣ್ಣಿನ ಸರದಿಯಲ್ಲಿ ಸದ್ದು ನಿಲ್ಲಲೇ ಇಲ್ಲ. ಎಡಗಣ್ಣಿನಲ್ಲಿ ನಡುನಡುವೆ ನಿಂತಿತು.

ಡಾಕ್ಟರಮ್ಮ ಎರಡು ಕಣ್ಣಿನ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಕಾಣದ ಕಪ್ಪು ಎಲ್ಲಿದೆ, ಕಾಣುವ ಬಿಳಿ ಎಲ್ಲಿದೆ ತೋರಿಸಿದರು. ನನ್ನ ಗಂಡ ಬೂಟಿನ ಚರ್ಮ ನೋಡುವ ಹಾಗೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ನನಗೆ ತಾವೇ ಓದಿ ಹೇಳಿದರು. ಯಾವುದನ್ನೂ ಮುಚ್ಚಿಡಲಿಲ್ಲ.

ಬಲಗಣ್ಣಿನ ಪಕ್ಕ ಪೂರ್ತಿ ಬಂದಿದೆ. ಎಡಗಣ್ಣಿನ ಹೊರಗಿನ ಮೇಲಿನ ಮೂಲೆ ಬರಲಿಲ್ಲ, ಇನ್ನು ಬರುವುದಿಲ್ಲ. ಗಂಟು ಹೋಗಿದೆ, ರಕ್ತದಲ್ಲಿ ಆ ರಸ ಸರಿಯಾದ ಮಟ್ಟಕ್ಕೆ ಇಳಿದಿದೆ, ಸಕ್ಕರೆ ಮಾತ್ರೆ ಅರ್ಧವಾಗಿದೆ. ಬೆಳೆದ ಮೂಳೆ ಹಾಗೇ ಉಳಿಯುತ್ತದೆ, ನನ್ನ ಕಾಲು ಇನ್ನು ಎಂಟೇ.